ಕೆಇಎ ಆಪ್ಷನ್ ಎಂಟ್ರಿ: ಅಣಕು ಹಂಚಿಕೆಗೆ ಭೇಷ್, ಪಿಡಿಎಫ್‌ಗೆ ಅಯ್ಯೋ

ಸಿಇಟಿ ಸೀಟಿಗೆ ಕಾಲೇಜು ಪಟ್ಟಿ ತುಂಬುವ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಈ ಪೋರ್ಟಲ್‌ನ ದೊಡ್ಡ ಗುಣ ಅಣಕು ಸೀಟು ಹಂಚಿಕೆ, ಅಂದರೆ ನಿಜವಾದ ಹಂಚಿಕೆಗೆ ಮುಂಚಿನ ತಾಲೀಮು. ಫಲಿತಾಂಶ ನೋಡಿಕೊಂಡು ಕ್ರಮ ಬದಲಿಸಬಹುದು. ಹಳೆಯ ಕಟ್‌ಆಫ್ ರ‍್ಯಾಂಕ್‌ಗಳೂ (ಸೀಟು ಸಿಕ್ಕ ಕೊನೆಯ ರ‍್ಯಾಂಕ್) ಸಿಗುತ್ತವೆ, ಆದರೆ ಉದ್ದುದ್ದ ಪಿಡಿಎಫ್‌ಗಳಲ್ಲಿ. ಕಣ್ಣಿಗೆ ಶಿಕ್ಷೆ! ನಿಮ್ಮ ಕಾಲಂ ಮಾತ್ರ ನೋಡಿ: 2ಎ ಮೀಸಲಾತಿ ವರ್ಗದಲ್ಲೇ 2ಎಜಿ, 2ಎಕೆ, 2ಎಆರ್ ಬೇರೆಬೇರೆ, ಜಿ ಅಂದರೆ ಸಾಮಾನ್ಯ, ಕೆ ಕನ್ನಡ ಮಾಧ್ಯಮ, ಆರ್ ಗ್ರಾಮೀಣ.

ರ‍್ಯಾಂಕ್ 20,000 ಎನ್ನಿ. ಕಟ್‌ಆಫ್ 12,000ಕ್ಕೇ ಮುಗಿದ ಇಷ್ಟದ ಕಾಲೇಜುಗಳು ಪಟ್ಟಿಯ ಮೇಲೆ, 20,000ದ ಆಸುಪಾಸಿನವು ನಡುವೆ, 35,000 ದಾಟಿದವು ಕೊನೆಗೆ. ಎಷ್ಟು ಬೇಕಾದರೂ ಸೇರಿಸಬಹುದು, ಜಿಪುಣತನ ಬೇಡ. ಸುಮ್ಮನೆ ಮೇಲೆ ಹಾಕಿದ ಕಾಲೇಜು ಸಿಕ್ಕಿಬಿಟ್ಟರೆ ಅದರ ಕೆಳಗಿನವು ಮುಂದಿನ ಸುತ್ತಿಗೆ ಬರುವುದಿಲ್ಲ. ಚಾಯ್ಸ್ 2 (ಸಿಕ್ಕ ಸೀಟು ಇಟ್ಟುಕೊಂಡೇ ಪಟ್ಟಿಯ ಮೇಲಿನದಕ್ಕೆ ಮುಂದಿನ ಸುತ್ತಿಗೆ ಕಾಯುವುದು) ಆರಿಸಿ ಮೇಲಿನ ಸೀಟು ಸಿಕ್ಕರೆ ಹಿಂದಿನದು ತಾನಾಗಿಯೇ ರದ್ದು.