ಟೆಡ್ ಟಾಕ್ಸ್: 14 ವರ್ಷ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಟೆಡ್ ಅನ್ನೋ ಸಮ್ಮೇಳನದ ಕಿರು ಭಾಷಣಗಳಿಗೆ ನಾನು ಕೊಡೋದು 5ಕ್ಕೆ 4 ಸ್ಟಾರ್. ಕಳೆದ ಆ ಒಂದು ಸ್ಟಾರ್ ಯಾಕೆ ಅಂತ ಹೇಳೋದಕ್ಕೇ ಇಷ್ಟುದ್ದ ಬರೆಯಬೇಕಾಯಿತು.

ನಾನು ಉತ್ತರ ಕನ್ನಡದ ಒಂದು ಸಣ್ಣ ಊರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ರಕ್ತ, ಮೂತ್ರ, ಶುಗರ್, ಕೊಲೆಸ್ಟ್ರಾಲ್, ಇದರಲ್ಲೇ ದಿನ ಕಳೆಯುತ್ತದೆ. 2011ರಲ್ಲಿ ರಾತ್ರಿ ಪಾಳಿ ಇತ್ತು. ಊರಲ್ಲಿ ಇಂಟರ್ನೆಟ್ ಅಂದರೆ ಬಂದರೆ ಬಂತು, ಹೋದರೆ ಹೋಯಿತು. ಬೆಂಗಳೂರಿನ ಗೆಳತಿ ಹಬ್ಬಕ್ಕೆ ಬಂದವಳು ಒಂದು ಪೆನ್ ಡ್ರೈವ್ ತುಂಬ ಟೆಡ್ ವಿಡಿಯೋ ಹಾಕಿಕೊಟ್ಟಳು. ರಕ್ತದ ಸ್ಯಾಂಪಲ್ ಗಿರ್ರನೆ ತಿರುಗಿಸುವ ನಮ್ಮ ಸೆಂಟ್ರಿಫ್ಯೂಜ್ ಒಂದು ಸಲ ಹಾಕಿದರೆ 10 ನಿಮಿಷ ತಿರುಗುತ್ತದೆ. ಹ್ಯಾನ್ಸ್ ರೋಸ್ಲಿಂಗ್ ವಾಷಿಂಗ್ ಮೆಷಿನ್ ಬಗ್ಗೆ ಮಾಡಿದ ಭಾಷಣ 9 ನಿಮಿಷದ್ದು. ಹಾಗೆ ಶುರುವಾಯಿತು.

ರೋಸ್ಲಿಂಗ್ ಸ್ವೀಡನ್ನಿನ ವೈದ್ಯರು. 2010ರ ಆ ಭಾಷಣದಲ್ಲಿ ಅವರು ತಮ್ಮ 4ನೇ ವಯಸ್ಸಿನ ಒಂದು ದಿನ ಹೇಳುತ್ತಾರೆ. ಅಮ್ಮ ಮೊದಲ ಸಲ ಮೆಷಿನ್‌ಗೆ ಬಟ್ಟೆ ತುಂಬುತ್ತಾಳೆ. ಜೀವಮಾನವಿಡೀ ಸೌದೆ ಒಲೆಯಲ್ಲಿ ನೀರು ಕಾಯಿಸಿ ಕೈಯಲ್ಲಿ ಒಗೆದ ಅಜ್ಜಿ, ಬಟನ್ ನಾನೇ ಒತ್ತುತ್ತೇನೆ ಅಂತ ಮುಂದೆ ಬರುತ್ತಾಳೆ. ಆಮೇಲೆ ಮೆಷಿನ್ ಎದುರು ಕೂತು, ಅದು ನಿಲ್ಲುವ ತನಕ ನೋಡುತ್ತಾಳೆ. ಆಗ ಜಗತ್ತಿನ 700 ಕೋಟಿ ಜನರಲ್ಲಿ ಸುಮಾರು 200 ಕೋಟಿ ಜನರಿಗೆ ಮಾತ್ರ ವಾಷಿಂಗ್ ಮೆಷಿನ್ ಇತ್ತು ಎಂಬ ಲೆಕ್ಕವನ್ನೂ ಕೊಡುತ್ತಾರೆ. ಕೊನೆಗೆ ಮೆಷಿನ್‌ಗೆ ಬಟ್ಟೆ ಹಾಕಿ ಪುಸ್ತಕ ಹೊರಗೆ ತೆಗೆಯುತ್ತಾರೆ. ಒಗೆಯುವ ಹೊತ್ತು ಉಳಿದದ್ದರಿಂದ ಅಮ್ಮ ಮಗನನ್ನು ಕರೆದುಕೊಂಡು ಲೈಬ್ರರಿಗೆ ಹೋದಳು ಅನ್ನೋದನ್ನು ಹಾಗೆ ತೋರಿಸಿದ್ದು.

ಎರಡು ವರ್ಷ ಬಿಟ್ಟು ನಮ್ಮನೆಗೂ ಮೆಷಿನ್ ಬಂತು. ನಮ್ಮಮ್ಮ ಲೈಬ್ರರಿಗೇನೂ ಹೋಗಲಿಲ್ಲ. ಶರ್ಟಿನ ಕಾಲರನ್ನು ಬಾವಿಕಟ್ಟೆ ಕಲ್ಲಿನ ಮೇಲೆ ಚೆನ್ನಾಗಿ ಉಜ್ಜಿ, ಆಮೇಲೆ ಮೆಷಿನ್‌ಗೆ ಹಾಕುತ್ತಿದ್ದಳು. ಈಗಲೂ ಹಾಗೇ.

ಗೊತ್ತಿಲ್ಲದವರಿಗೆ ಎರಡು ಮಾತು. ಟೆಡ್ ಶುರುವಾದದ್ದು 1984ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಟೆಕ್ನಾಲಜಿ, ಎಂಟರ್‌ಟೈನ್‌ಮೆಂಟ್, ಡಿಸೈನ್ ಎಂಬ ಮೂರು ಪದಗಳ ಮೊದಲ ಅಕ್ಷರ ಸೇರಿ ಈ ಹೆಸರು. ಒಳಗೆ ಕೂತು ಕೇಳಬೇಕಾದರೆ ಟಿಕೆಟ್ಟಿಗೆ ಸಾವಿರಾರು ಡಾಲರ್. 2006ರಿಂದ ಭಾಷಣಗಳನ್ನು ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಹಾಕತೊಡಗಿದರು. ನಮ್ಮಂಥವರಿಗೆ ಸಿಕ್ಕಿದ್ದು ಆಗಲೇ. ಒಬ್ಬರಿಗೆ ಹೆಚ್ಚೆಂದರೆ 18 ನಿಮಿಷ ಅನ್ನೋದು ನಿಯಮ.

ಈ 18 ನಿಮಿಷಕ್ಕೆ ನಾನು ಮೊದಲು ಮರುಳಾಗಿದ್ದೆ. ಯಾಕಂದ್ರೆ ನಮ್ಮ ಕಡೆ ಕಾರ್ಯಕ್ರಮ ನೋಡಿದ್ದೀರಲ್ಲ? ಪ್ರಾರ್ಥನೆ, ಸ್ವಾಗತ, ದೀಪ ಬೆಳಗಿಸುವಾಗ ಬೀಸುವ ಫ್ಯಾನು, ಪ್ರಾಸ್ತಾವಿಕ, ವೇದಿಕೆಯಲ್ಲಿರುವ 11 ಜನಕ್ಕೂ ಹೂಗುಚ್ಛ. ಮುಖ್ಯ ಭಾಷಣಕಾರರ ಕೈಗೆ ಮೈಕ್ ಬರುವಷ್ಟರಲ್ಲಿ ಒಳಗೆ ಒಗ್ಗರಣೆ ವಾಸನೆ. ಅವರೂ 'ಸಮಯದ ಅಭಾವದಿಂದ' ಅಂತ ಶುರು ಮಾಡಿ ಒಂದು ಗಂಟೆ ಮಾತಾಡುತ್ತಾರೆ. ಟೆಡ್‌ನಲ್ಲಿ ಮಾತಾಡುವವರು ಕೆಂಪು ಕಾರ್ಪೆಟ್ ಮೇಲೆ ಬಂದು ನಿಂತು, ನಮಸ್ಕಾರ ಕೂಡ ಹೇಳದೆ ಕಥೆಗೆ ಇಳಿದುಬಿಡುತ್ತಾರೆ. ಬಾಯಾರಿದವರಿಗೆ ಮಜ್ಜಿಗೆ ಸಿಕ್ಕಿದ ಹಾಗಿತ್ತು.

ಆದರೆ 18 ನಿಮಿಷದಲ್ಲಿ ಏನು ಹಿಡಿಸೋದಿಲ್ಲ ಅಂತ ತಿಳಿಯೋದಕ್ಕೆ ನನಗೆ ಕೆಲವು ವರ್ಷ ಬೇಕಾಯಿತು.

2016ರಲ್ಲಿ ಅಪ್ಪನಿಗೆ ಸ್ಟ್ರೋಕ್ ಆಯಿತು. ಮೆದುಳಿನ ಎಡಭಾಗ. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಉಳಿದದ್ದು ಒಂದೇ ಶಬ್ದ: 'ಬಾಳೆಕಾಯಿ'. ನೀರು ಬೇಕಾದರೂ ಬಾಳೆಕಾಯಿ, ಸಿಟ್ಟು ಬಂದರೂ ಬಾಳೆಕಾಯಿ. ಮನೆಗೆ ಬಂದವರೆಲ್ಲ ಅಪ್ಪನ ಕಿವಿ ಹತ್ತಿರ ಹೋಗಿ ಕಿರುಚುತ್ತಿದ್ದರು, ಕಿವುಡರಿಗೆ ಹೇಳಿದ ಹಾಗೆ.

ಆಗ ನೆನಪಾದದ್ದು ಜಿಲ್ ಬೋಲ್ಟ್ ಟೇಲರ್ ಅವರ 2008ರ ಭಾಷಣ. ಅವರು ಮೆದುಳಿನ ರಚನೆ ಓದಿದ ವಿಜ್ಞಾನಿ. 1996ರ ಡಿಸೆಂಬರ್ 10ರ ಬೆಳಿಗ್ಗೆ ಅವರ ಮೆದುಳಿನ ಎಡಭಾಗದಲ್ಲಿ ರಕ್ತನಾಳ ಒಡೆಯಿತು. ವೇದಿಕೆಗೆ ನಿಜವಾದ ಮನುಷ್ಯನ ಮೆದುಳು ತರಿಸುತ್ತಾರೆ, ಬೆನ್ನುಹುರಿ ಕೆಳಗೆ ಜೋತಾಡುತ್ತಿರುತ್ತದೆ. ಸಭಿಕರು ಮುಖ ಸಿಂಡರಿಸುತ್ತಾರೆ. ನನಗೋ ಅಂಗಾಂಗ ಕೆಡದ ಹಾಗೆ ಇಡುವ ಫಾರ್ಮಾಲಿನ್ ವಾಸನೆಯೇ ಬಂದ ಹಾಗಾಯಿತು. ಆಮೇಲೆ ಆ ದಿನದ ಕಥೆ. ಆಫೀಸಿಗೆ ಫೋನ್ ಮಾಡಬೇಕು, ನಂಬರ್ ನೆನಪಿಲ್ಲ. ವಿಸಿಟಿಂಗ್ ಕಾರ್ಡುಗಳ ಕಟ್ಟು ತೆಗೆದು ಹುಡುಕುತ್ತಾರೆ. ಅಕ್ಷರ ಅಕ್ಷರವಾಗಿ ಕಾಣೋದಿಲ್ಲ, ಬರೀ ಗೀಚು. ಒಂದು ಇಂಚು ದಪ್ಪದಷ್ಟು ಕಾರ್ಡು ನೋಡೋದಕ್ಕೆ 45 ನಿಮಿಷ. ಕೊನೆಗೆ ಕಾರ್ಡಿನ ಮೇಲಿನ ಗೀಚನ್ನು ಫೋನಿನ ಗೀಚಿಗೆ ಹೋಲಿಸಿ ಒಂದೊಂದೇ ಒತ್ತುತ್ತಾರೆ. ಆ ಕಡೆ ಸಹೋದ್ಯೋಗಿ ಮಾತಾಡಿದ್ದು ಇವರಿಗೆ ನಾಯಿ ಸದ್ದು ಮಾಡಿದ ಹಾಗೆ ಕೇಳುತ್ತದೆ. ತಾನು ಉತ್ತರ ಕೊಡಲು ಬಾಯಿ ಬಿಟ್ಟರೆ ಅದೂ ಹಾಗೇ.

ನಾನು ಇದನ್ನು ನಿಲ್ಲಿಸಿ ನಿಲ್ಲಿಸಿ ಮನೆಯವರಿಗೆಲ್ಲ ಕನ್ನಡದಲ್ಲಿ ಹೇಳಿದೆ. ಅಮ್ಮ ಅಡುಗೆಮನೆ ಬಾಗಿಲಲ್ಲೇ ನಿಂತು ಕೇಳಿದಳು. 'ಹಾಗಾದ್ರೆ ಇವರು ಒಳಗೇ ಇದ್ದಾರೆ' ಅಂದಳು. ಮಾರನೇ ದಿನದಿಂದ ಯಾರೂ ಕಿರುಚಲಿಲ್ಲ. ಮೆಲ್ಲಗೆ, ಮುಖ ನೋಡಿ, ಒಂದು ಸಲಕ್ಕೆ ಒಂದೇ ಮಾತು. ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟದ್ದೂ ಅದನ್ನೇ, ಆದರೆ ಚೀಟಿಯನ್ನು ಯಾರು ಓದುತ್ತಾರೆ? ನಾನು ಕೊಟ್ಟ ನಾಲ್ಕು ಸ್ಟಾರಿನಲ್ಲಿ ಎರಡು ಈ ಭಾಷಣದ್ದೇ.

ಕಳೆದ ಸ್ಟಾರೂ ಇದೇ ಭಾಷಣದ್ದು, ನೋಡಿ. ಆಪರೇಷನ್ ಆಯಿತು, ಗಾಲ್ಫ್ ಚೆಂಡಿನಷ್ಟು ಹೆಪ್ಪುಗಟ್ಟಿದ ರಕ್ತ ತೆಗೆದರು, ಪೂರ್ತಿ ಚೇತರಿಸಿಕೊಳ್ಳಲು 8 ವರ್ಷ ಹಿಡಿಯಿತು ಅಂತ ಹೇಳಿ ಅವರು ಮುಂದೆ ಹೋಗಿಬಿಡುತ್ತಾರೆ. ಆ 8 ವರ್ಷ ಒಂದೇ ಉಸಿರಿನಲ್ಲಿ ಮುಗಿಯುತ್ತದೆ. ಉಳಿದ ಹೊತ್ತೆಲ್ಲ ಎಡ ಮೆದುಳು, ಬಲ ಮೆದುಳು, ಶಾಂತಿ, ನಿರ್ವಾಣ. ಮೆದುಳು ಹಾಗೆ ಎರಡು ಹೋಳಾಗಿ ಕೆಲಸ ಹಂಚಿಕೊಂಡು ಕೂತಿರೋದಿಲ್ಲ, ಅದು ಬೇರೆ ವಿಷಯ. ನಮ್ಮಪ್ಪನಿಗೆ ನಿರ್ವಾಣವೇನೂ ಸಿಗಲಿಲ್ಲ. ಸಿಗುತ್ತಿದ್ದದ್ದು ರೇಗು. ದಿನಾ ಬೆಳಿಗ್ಗೆ ಸ್ಪಂಜಿನ ಚೆಂಡು ಹಿಸುಕೋದು, ಬೆರಳು ಬಿಡಿಸೋದು, 'ಅ' ಅನ್ನಿಸೋದು. ಮೂರು ತಿಂಗಳಿಗೆ 'ನೀರು' ಬಂತು. ನನಗೆ ಬೇಕಾಗಿದ್ದದ್ದು ಆ ಭಾಗ. ಅವರ 8 ವರ್ಷದಲ್ಲಿ ಒಂದು ಮಂಗಳವಾರ ಹೇಗಿತ್ತು ಅನ್ನೋದು.

ಆಮೇಲೆ ಯಾವ ಭಾಷಣ ನೋಡಿದರೂ ನಾನು ಅದನ್ನೇ ಹುಡುಕತೊಡಗಿದೆ, ಕತ್ತರಿಸಿ ಬಿಟ್ಟ ವರ್ಷಗಳನ್ನು. ತುಳಸಿರಾಜ್ ರವಿಲ್ಲ ಅವರು ಮದುರೆಯ ಅರವಿಂದ್ ಕಣ್ಣಾಸ್ಪತ್ರೆ ಬಗ್ಗೆ ಮಾತಾಡಿದ್ದು ಇಷ್ಟವಾಗೋದು ಅದಕ್ಕೇ. ಡಾ. ವೆಂಕಟಸ್ವಾಮಿ 58ಕ್ಕೆ ನಿವೃತ್ತರಾಗಿ 1976ರಲ್ಲಿ 11 ಹಾಸಿಗೆಯಿಂದ ಶುರು ಮಾಡಿದ್ದು, ಕಣ್ಣಿನೊಳಗೆ ಹಾಕುವ ಲೆನ್ಸ್ ದುಬಾರಿ ಅಂತ ತಾವೇ ತಯಾರಿಸಲು ಹೊರಟದ್ದು, ಒಂದಾದ ಮೇಲೆ ಒಂದು ಬರುತ್ತದೆ. ಮಾತಿನಲ್ಲಿ ಮೋಡಿ ಕಮ್ಮಿ, ಲೆಕ್ಕ ಜಾಸ್ತಿ.

ಮೋಡಿ ಜಾಸ್ತಿ ಇದ್ದದ್ದು ಅಮೆರಿಕದ ಮನಶ್ಶಾಸ್ತ್ರಜ್ಞೆ ಏಮಿ ಕಡ್ಡಿ ಅವರದ್ದು. 2012ರ ಭಾಷಣ. ಎರಡು ನಿಮಿಷ ಸೊಂಟದ ಮೇಲೆ ಕೈ ಇಟ್ಟು ಎದೆ ಸೆಟೆಸಿ ನಿಂತರೆ ದೇಹದ ಹಾರ್ಮೋನೇ ಬದಲಾಗುತ್ತದೆ, ಧೈರ್ಯ ಬರುತ್ತದೆ ಅಂತ. 2014ರಲ್ಲಿ ನನಗೊಂದು ಇಂಟರ್‌ವ್ಯೂ ಇತ್ತು. ಟಾಯ್ಲೆಟ್ಟಿಗೆ ಹೋಗಿ ಚಿಲಕ ಹಾಕಿ, ಮೊಬೈಲಿನಲ್ಲಿ ಟೈಮ್ ನೋಡುತ್ತ ಯಕ್ಷಗಾನದ ರಾಜವೇಷದ ಹಾಗೆ ನಿಂತಿದ್ದೆ. ಕೆಲಸ ಸಿಕ್ಕಿತು. ಎರಡು ವರ್ಷ ಸಿಕ್ಕವರಿಗೆಲ್ಲ ಇದನ್ನೇ ಹೇಳಿಕೊಂಡು ತಿರುಗಿದೆ. ಆಮೇಲೆ ಓದಿದೆ: 2010ರ ಮೂಲ ಅಧ್ಯಯನದಲ್ಲಿದ್ದವರು ಬರೀ 42 ಜನ. 2015ರಲ್ಲಿ ಬೇರೆಯವರು 200 ಜನರ ಮೇಲೆ ಮಾಡಿ ನೋಡಿದರೆ ಹಾರ್ಮೋನಿನಲ್ಲಿ ವ್ಯತ್ಯಾಸವೇ ಇಲ್ಲ. 2016ರಲ್ಲಿ ಅಧ್ಯಯನದ ಮೊದಲ ಲೇಖಕಿ ಡೇನಾ ಕಾರ್ನಿಯೇ, ಈ ಪರಿಣಾಮ ನಿಜ ಅಂತ ನನಗೀಗ ನಂಬಿಕೆ ಇಲ್ಲ ಅಂತ ಬಹಿರಂಗವಾಗಿ ಬರೆದರು. ದಿನಾ ರಿಪೋರ್ಟಿಗೆ ಸಹಿ ಹಾಕುವ ನಾನು, ಎಷ್ಟು ಜನರ ಮೇಲೆ ಮಾಡಿ ನೋಡಿದ್ದು ಅಂತ ಆಗಲೇ ಹುಬ್ಬೇರಿಸಬೇಕಿತ್ತು. ಆದರೆ ಭಾಷಣದ ಕೊನೆಯಲ್ಲಿ ಅವರು ಕಣ್ಣೀರು ಹಾಕಿದಾಗ ನನ್ನ ಕಣ್ಣೂ ತುಂಬಿತ್ತು, ಇನ್ನು ಹುಬ್ಬೆಲ್ಲಿ ಏರುತ್ತದೆ?

ಟೆಡ್‌ನಲ್ಲಿ ಮಾತು ಮುಗಿದ ಮೇಲೆ ಸಾಮಾನ್ಯವಾಗಿ ಯಾರೂ ಪ್ರಶ್ನೆ ಕೇಳೋದಿಲ್ಲ. ಎದ್ದು ನಿಂತು ಚಪ್ಪಾಳೆ, ಅಷ್ಟೇ. ನಮ್ಮ ಕಡೆಯ ತಾಳಮದ್ದಲೆ ಕೇಳಿ ಬೆಳೆದವರಿಗೆ ಇದು ಸಪ್ಪೆ. ಅಲ್ಲಿ ಕೃಷ್ಣ ಎಷ್ಟೇ ಚೆಂದ ಮಾತಾಡಲಿ, ಎದುರಿಗೆ ಕೌರವನ ಅರ್ಥ ಹೇಳುವವನು ಎಲೆಯಡಿಕೆ ಜಗಿಯುತ್ತ ಕಾಯುತ್ತಿರುತ್ತಾನೆ. ಒಂದು ಮಾತು ಸಡಿಲ ಬಿಟ್ಟರೆ ಅಲ್ಲೇ ಹಿಡಿಯುತ್ತಾನೆ. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನ ಬುಧವಾರದ ಉಪನ್ಯಾಸಗಳಿಗೆ ನನ್ನ ಗೆಳತಿ ಹೋಗುತ್ತಿದ್ದಳು. ಭಾಷಣಕ್ಕಿಂತ ಆಮೇಲಿನ ಪ್ರಶ್ನೆಗಳಿಗೇ ಹೋಗೋದು ಅನ್ನುತ್ತಿದ್ದಳು.

ಪ್ರಶ್ನೆ ಇಲ್ಲದಿದ್ದರೆ ಏನಾಗುತ್ತದೆ ಅಂತ ನಾನೂ ಒಂದು ಸಲ ನೋಡಿದ್ದೇನೆ. ಟೆಡ್ ಅಲ್ಲ, ಅದೇ ಮಾದರಿಯಲ್ಲಿ ಒಂದು ಕಾಲೇಜಿನವರು ಮಾಡಿದ ಕಾರ್ಯಕ್ರಮ. ಕಿವಿಗೆ ಮೈಕ್ ಸಿಕ್ಕಿಸಿಕೊಂಡ ಒಬ್ಬರು, ಮಾತ್ರೆ ಬಿಟ್ಟು ಕಷಾಯ ಕುಡಿದು ಶುಗರ್ ಗೆದ್ದ ಕಥೆ ಹೇಳಿದರು. ಹಾಲಿಗೆ ಹಾಲೇ ಎದ್ದು ನಿಂತಿತು. ನಾನೂ ಎದ್ದೆ, ಪ್ರಶ್ನೆ ಕೇಳೋಣ ಅಂತ. ಮೈಕ್ ಬರಲಿಲ್ಲ. ಟೆಡ್‌ನವರಿಗೂ ಈ ತಲೆನೋವು ಗೊತ್ತಿಲ್ಲದ್ದೇನಲ್ಲ. 2009ರಿಂದ ಊರೂರಿನವರು ಲೈಸೆನ್ಸ್ ಪಡೆದು ತಾವೇ ನಡೆಸುವ ಟೆಡೆಕ್ಸ್ ಇದೆಯಲ್ಲ, ಅದರ ಆಯೋಜಕರಿಗೆ 2012ರಲ್ಲಿ ಅವರು ಪತ್ರ ಬರೆದು, ಸುಳ್ಳು ವಿಜ್ಞಾನ ಹೇಳುವವರನ್ನು ಗುರುತಿಸೋದು ಹೇಗೆ ಅಂತ ತಿಳಿಸಿದ್ದರು. ಹಾಗಾಗಿ ಹೆಸರಿನಲ್ಲಿ ಎಕ್ಸ್ ಇದ್ದರೆ ಸ್ವಲ್ಪ ಜಾಸ್ತಿ ಎಚ್ಚರ ಇರಲಿ.

ಹೊಸಬರು ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರೆ ನಾನು ಮೈಸೂರು ಅನ್ನುತ್ತೇನೆ. 2009ರ ನವೆಂಬರಿನಲ್ಲಿ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿನಲ್ಲಿ ಟೆಡ್ ಇಂಡಿಯಾ ನಡೆಯಿತು. ರವಿಲ್ಲ ಮಾತಾಡಿದ್ದು ಅಲ್ಲೇ. ರೋಸ್ಲಿಂಗ್ ಕೂಡ ಬಂದಿದ್ದರು. ವಿದ್ಯಾರ್ಥಿಯಾಗಿದ್ದಾಗ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿಗೆ ಒಂದು ತಿಂಗಳ ಕೋರ್ಸಿಗೆ ಬಂದದ್ದನ್ನು ಅಲ್ಲಿ ನೆನೆಯುತ್ತಾರೆ. ಮೊದಲ ದಿನ ಬೆಳಿಗ್ಗೆಯೇ, ಇಲ್ಲಿನ ಹುಡುಗರು ತನಗಿಂತ ಜಾಣರು ಅಂತ ಗೊತ್ತಾಗಿ ತಲೆ ತಿರುಗಿತಂತೆ. ಭಾರತ, ಚೀನಾದವರ ಸರಾಸರಿ ಆದಾಯ ಅಮೆರಿಕ, ಬ್ರಿಟನ್ನಿನವರದ್ದನ್ನು ಮುಟ್ಟುವ ದಿನ ಯಾವುದು ಅಂತಲೂ ಹೇಳಿದರು: 2048ರ ಜುಲೈ 27. ಅವತ್ತು ಅವರಿಗೇ 100 ತುಂಬಬೇಕಿತ್ತು. 2017ರಲ್ಲಿ ತೀರಿಕೊಂಡರು.

ಅದೇ ಮೈಸೂರಿನಲ್ಲಿ ಅನುಪಮ್ ಮಿಶ್ರಾ ಮಾತಾಡಿದ್ದನ್ನು ಬಿಡಬೇಡಿ. ದಿಲ್ಲಿಯ ಗಾಂಧಿ ಶಾಂತಿ ಪ್ರತಿಷ್ಠಾನದಲ್ಲಿದ್ದವರು. ತಡವರಿಸುವ ಇಂಗ್ಲಿಷ್, ಅಂಗಳದಲ್ಲಿ ಕೂತು ಹೇಳಿದ ಹಾಗೆ. ರಾಜಸ್ಥಾನದ ಮರುಭೂಮಿಯ ಜೈಸಲ್ಮೇರಿನಲ್ಲಿ ವರ್ಷಕ್ಕೆ ಬೀಳೋದು ಸುಮಾರು 16 ಸೆಂಟಿಮೀಟರ್ ಮಳೆ. ಅದನ್ನೇ ಮಾಳಿಗೆಯಿಂದ ಇಳಿಸಿ, ಕುಂಡದಲ್ಲಿ, ಅಂದರೆ ನೆಲದಡಿಯ ನೀರಿನ ತೊಟ್ಟಿಯಲ್ಲಿ, ಹಿಡಿದು ನೂರಾರು ವರ್ಷ ಬಾಳಿದವರ ಕಥೆ. ನಮ್ಮ ಕರಾವಳಿಯಲ್ಲಿ ಆಷಾಢದಲ್ಲಿ ಒಂದೊಂದು ದಿನವೇ ಅಷ್ಟು ಸುರಿಯುತ್ತದೆ. ಏಪ್ರಿಲ್‌ನಲ್ಲಿ ಟ್ಯಾಂಕರಿಗೆ ಫೋನ್ ಮಾಡುವವರೂ ನಾವೇ.

ಕನ್ನಡದ ವಿಷಯ. ಸಬ್‌ಟೈಟಲ್ ಮಾಡುವವರು ಸ್ವಯಂಸೇವಕರು, 2009ರಿಂದ ಈ ವ್ಯವಸ್ಥೆ ಇದೆ. ಒಬ್ಬರು ಅನುವಾದಿಸಿದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ದುಡ್ಡಿಲ್ಲ, ಹೆಸರು ಬರುತ್ತದೆ. ಹಿಂದಿಯಷ್ಟು ಕನ್ನಡದಲ್ಲಿ ಇಲ್ಲ. ಬೈಯುತ್ತ ಕೂರೋದು ಯಾಕೆ ಅಂತ ನಾನೂ ಮನೆಯಲ್ಲೇ ಕೂತು ಕೈ ಹಾಕಿದೆ. ಆಗ ಗೊತ್ತಾಯಿತು ಕಷ್ಟ. ಒಂದು ಸಾಲಿಗೆ 42 ಅಕ್ಷರ, ಒಮ್ಮೆಗೆ ಎರಡೇ ಸಾಲು. ನಮ್ಮ 'ಸ್ತ್ರೀ' ಕಣ್ಣಿಗೆ ಒಂದು ಅಕ್ಷರ, ಕಂಪ್ಯೂಟರಿಗೆ 6. ಇನ್ನೊಂದು ಪೇಚು ಕ್ರಿಯಾಪದದ್ದು. ಇಂಗ್ಲಿಷಿನವರು 'ನಾನು ನೋಡಿದೆ' ಅಂತ ಮೊದಲೇ ಹೇಳಿ, ಏನು ನೋಡಿದೆ ಅನ್ನೋದನ್ನು ಕೊನೆಗೆ ಬಿಡುತ್ತಾರೆ. ಸಭೆ ನಗೋದು ಆ ಕೊನೆಯ ಶಬ್ದಕ್ಕೆ. ನಮ್ಮಲ್ಲಿ 'ನೋಡಿದೆ' ಕೊನೆಗೆ ಬರಬೇಕು. ಹಾಗಾಗಿ ನಗುವಿನ ಶಬ್ದ ಮೊದಲ ಸಾಲಿನಲ್ಲೇ ಬಂದು, ಕನ್ನಡ ಓದುವವರು ಎಲ್ಲರಿಗಿಂತ ಮೊದಲೇ ನಕ್ಕು ಮುಗಿಸಿರುತ್ತಾರೆ. ಒಂದು ನಿಮಿಷದ ಮಾತಿಗೆ ನನಗೆ ಒಂದು ಸಂಜೆ ಬೇಕು.

ಅಪ್ಪ ಈಗ ಮಾತಾಡುತ್ತಾರೆ, ಓದುತ್ತಾರೆ, ಎರಡೂ ನಿಧಾನ. ಸಂಜೆ ಟೀವಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ನನ್ನ ಇನ್ನೂ ಮುಗಿಯದ ಮಿಶ್ರಾ ಅವರ ಕರಡು ಸಬ್‌ಟೈಟಲ್ ಹಾಕುತ್ತೇನೆ. ಅಪ್ಪ ಒಂದೊಂದೇ ಸಾಲು ಗಟ್ಟಿಯಾಗಿ ಓದುತ್ತಾರೆ, ಅಮ್ಮ ರಿಮೋಟ್ ಹಿಡಿದು ಸಾಲು ಸಾಲಿಗೂ ನಿಲ್ಲಿಸುತ್ತಾಳೆ. ಕೆಲವು ನಿಮಿಷದ ತುಣುಕು ನಮ್ಮನೆಯಲ್ಲಿ ಒಂದು ಗಂಟೆ ನಡೆಯುತ್ತದೆ. ಮೊನ್ನೆ ಕುಂಡದ ಚಿತ್ರ ಬಂದಾಗ ಅಪ್ಪ ತುಂಬಾ ಹೊತ್ತು ನೋಡಿ, 'ಬಾಯಿ ಸಣ್ಣದು' ಅಂದರು. ಆ ಎರಡು ಶಬ್ದ ಸಬ್‌ಟೈಟಲ್‌ನಲ್ಲಿ ಇರಲಿಲ್ಲ.