ಬೇಕಲದ ವಾರಾಂತ್ಯ ಫೋಟೋಗ್ರಫಿ ಶಿಬಿರ: ಹೋಗುವ ಮೊದಲು ತಿಳಿದಿರಬೇಕಾದದ್ದು

ಕಾಸರಗೋಡು ಜಿಲ್ಲೆಯ ಬೇಕಲದಲ್ಲಿ ಶನಿವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನದವರೆಗೆ ನಡೆಯುವ ಈ ಗುಂಪು ಶಿಬಿರಕ್ಕೆ ಸೇರಬಹುದೇ ಎಂದು ಕೇಳುವವರಿಗೆ ನೇರ ಉತ್ತರ: ಎಲ್ಲವನ್ನೂ ಕೈಯಾರೆ ಹೊಂದಿಸುವ ಮ್ಯಾನುವಲ್ ಮೋಡ್‌ನಲ್ಲಿ ಕೈ ಪಳಗಿದ್ದು, ಸ್ವಂತ ಟ್ರೈಪಾಡ್ ಇದ್ದರೆ ಧಾರಾಳವಾಗಿ ಸೇರಿ. ಶಟರ್ (ಬೆಳಕು ಬೀಳುವ ಅವಧಿ), ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ), ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಹೇಳುವ ಐಎಸ್‌ಒ ಇನ್ನೂ ಗೊಂದಲವೆನಿಸಿದರೆ ಒಂದೆರಡು ತಿಂಗಳು ಮನೆಯಂಗಳದಲ್ಲೇ ಅಭ್ಯಾಸ ಮಾಡಿ ಆಮೇಲೆ ಬನ್ನಿ. ನಮ್ಮ ಕಡೆ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಮುಳುಗಿದ ಮೇಲೆ ಬಳಸಬಹುದಾದ ಬೆಳಕು ಇಪ್ಪತ್ತು, ಇಪ್ಪತ್ತೈದು ನಿಮಿಷ ಉಳಿದರೆ ಹೆಚ್ಚು. ಅಷ್ಟರೊಳಗೆ ಮೆನು ತಡಕಾಡುತ್ತಾ ನಿಂತವರಿಗೆ ಯಾವ ಗುರುವೂ ಏನನ್ನೂ ಕಲಿಸಲಾರ.

ಮೊದಲ ಪಾಠ ಕೋಟೆಯಲ್ಲಿ. ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದಲ್ಲಿ ಕಟ್ಟಿಸಿದ ಈ ಕೋಟೆ ಈಗ ಭಾರತೀಯ ಪುರಾತತ್ತ್ವ ಇಲಾಖೆಯ ವಶದಲ್ಲಿದೆ. ಕೈಯಲ್ಲಿ ಹಿಡಿದು ಫೋಟೋ ತೆಗೆಯಲು ಅಡ್ಡಿಯಿಲ್ಲ. ಟ್ರೈಪಾಡ್‌ಗೂ ಡ್ರೋನ್‌ಗೂ ಮುಂಚಿತವಾಗಿ ಇಲಾಖೆಯ ಅನುಮತಿ ಬೇಕು. ಆಯೋಜಕರ ಪ್ರಕಟಣೆಯಲ್ಲಿ ಈ ಮಾತೇ ಇಲ್ಲ. ಹಾಗಾಗಿ ಬಾಗಿಲಲ್ಲಿ ಟ್ರೈಪಾಡ್‌ಗಳನ್ನೆಲ್ಲ ವಾಪಸು ವ್ಯಾನಿಗೆ ಹಾಕಿಸುವುದರಲ್ಲೇ ಹೊತ್ತು ಹೋಗುತ್ತದೆ. ಸೂರ್ಯಾಸ್ತಕ್ಕೆ ಮೊದಲೇ ಕೋಟೆ ಮುಚ್ಚುವುದರಿಂದ ಕಳೆದ ಪ್ರತಿ ನಿಮಿಷವೂ ನಷ್ಟವೇ.

ಒಳಗಿನ ಪಾಠ ಮಾತ್ರ ಚೆನ್ನಾಗಿದೆ. ಕೋಟೆಯ ಮುರಕಲ್ಲು (ಜಂಬಿಟ್ಟಿಗೆ) ಬೆಳಕನ್ನು ಹೀರುತ್ತದೆ, ಹಿಂದಿನ ಕಡಲು ಮತ್ತು ಆಕಾಶ ಕಣ್ಣು ಕೋರೈಸುತ್ತವೆ. ಕ್ಯಾಮೆರಾದ ಮೀಟರನ್ನು ನಂಬಿದರೆ ಒಂದೋ ಗೋಡೆ ಕಪ್ಪು, ಇಲ್ಲವೇ ಆಕಾಶ ಬಿಳಿ ಕಾಗದ. ಆಕಾಶಕ್ಕೆ ಎಕ್ಸ್‌ಪೋಷರ್ ಹೊಂದಿಸಿ, ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲರೂಪದಲ್ಲಿ) ತೆಗೆದು, ಗೋಡೆಯ ನೆರಳನ್ನು ಆಮೇಲೆ ಎತ್ತಬೇಕು. ಅದು ಸಾಲದಿದ್ದರೆ ಸರಿಯಳತೆಯದೊಂದು, ಎರಡು ಸ್ಟಾಪ್ ಹೆಚ್ಚಿನದೊಂದು, ಎರಡು ಸ್ಟಾಪ್ ಕಡಿಮೆಯದೊಂದು ಹೀಗೆ ಮೂರು ಚಿತ್ರ ತೆಗೆದು ಆಮೇಲೆ ಒಂದುಗೂಡಿಸಿ. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ. ಗೋಡೆಯ ಕೋವಿಕಂಡಿಗಳ ಮೂಲಕ ಕಡಲನ್ನು ಚೌಕಟ್ಟು ಹಾಕಿಸುವ ಅಭ್ಯಾಸ ಈ ಭಾಗದ ಅತ್ಯುತ್ತಮ ಅಂಶ. ಕಂಡಿಯ ಅಂಚೂ ದೂರದ ಅಲೆಯೂ ಸ್ಪಷ್ಟವಾಗಬೇಕಾದರೆ ವೈಡ್ ಲೆನ್ಸ್, ಎಫ್/11ರಂಥ ಕಿರಿದಾದ ಅಪರ್ಚರ್, ಜೊತೆಗೆ ಗೋಡೆಯಿಂದ ಎರಡು ಹೆಜ್ಜೆ ಹಿಂದೆ ನಿಲ್ಲುವ ತಾಳ್ಮೆ ಬೇಕು.

ಶಿಬಿರದ ನಿಜವಾದ ತಿರುಳು ಸಂಜೆ ಕಡಲ ಬದಿಯಲ್ಲಿದೆ. ಟ್ರೈಪಾಡಿನ ಕಾಲನ್ನು ಒದ್ದೆ ಹೊಯಿಗೆಯ (ಮರಳಿನ) ಮೇಲೆ ಸುಮ್ಮನೆ ಇಟ್ಟರೆ ಪ್ರತಿ ಅಲೆಗೂ ಸ್ವಲ್ಪ ಸ್ವಲ್ಪ ಕುಸಿಯುತ್ತದೆ. ಹಿಂದಿರುಗುವ ನೀರು ಕಾಲಿನ ಸುತ್ತಲಿನ ಹೊಯಿಗೆಯನ್ನು ಸಡಿಲ ಮಾಡುವುದೇ ಇದಕ್ಕೆ ಕಾರಣ. ಚಿತ್ರ ಅಲುಗಿದ್ದು ಪರದೆಯಲ್ಲಿ ಗೊತ್ತೂ ಆಗುವುದಿಲ್ಲ; ಮನೆಗೆ ಬಂದು ದೊಡ್ಡದು ಮಾಡಿದಾಗಲೇ ತಿಳಿಯುವುದು. ಕಾಲುಗಳನ್ನು ಅಗಲಿಸಿ, ಒಂದೊಂದನ್ನೂ ಕೈಯಿಂದ ಒತ್ತಿ ಹೂತು, ಎರಡು ಅಲೆ ಬಂದು ಹೋಗುವವರೆಗೆ ಬಿಟ್ಟು, ಆಮೇಲೆ ಕ್ಯಾಮೆರಾ ಕೂರಿಸಬೇಕು. ನಡುಗಂಬ ಎತ್ತಬಾರದು. ಕೈನಡುಕ ಸರಿದೂಗಿಸುವ ಲೆನ್ಸಿನ ಸ್ಟೆಬಿಲೈಸೇಷನ್ ಆರಿಸಿರಬೇಕು.

ಇನ್ನು ಶಟರ್. ಅಲೆ ಹಿಂದೆ ಸರಿಯುವಾಗ ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡ್ ಇಟ್ಟರೆ ನೊರೆ ಗೆರೆಗೆರೆಯಾಗಿ ಎಳೆದುಕೊಂಡು ಹೋಗಿ ಕಣ್ಣನ್ನು ಚಿತ್ರದೊಳಕ್ಕೆ ಕರೆದೊಯ್ಯುತ್ತದೆ. ಎರಡು ಸೆಕೆಂಡಿನ ಸೆಲ್ಫ್ ಟೈಮರ್ ಇಲ್ಲಿ ಕೆಲಸಕ್ಕೆ ಬಾರದು, ಅಷ್ಟರಲ್ಲಿ ಅಲೆ ಮುಗಿದಿರುತ್ತದೆ. ಕ್ಯಾಮೆರಾ ಮುಟ್ಟದೆ ಶಟರ್ ಒತ್ತುವ ಕೇಬಲ್ ರಿಲೀಸ್ ತಪ್ಪದೆ ತನ್ನಿ. ಲೆನ್ಸಿನ ಮುಂದೆ ಹಾಕಿ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರಿನ ಲೆಕ್ಕವನ್ನು ಶಿಕ್ಷಕರು ಹೊಯಿಗೆಯ ಮೇಲೇ ಬರೆದು ತೋರಿಸುತ್ತಾರೆ: ಫಿಲ್ಟರ್ ಇಲ್ಲದೆ 1/15 ಸೆಕೆಂಡ್ ಬಂದರೆ ಆರು ಸ್ಟಾಪಿನದಕ್ಕೆ ಸುಮಾರು 4 ಸೆಕೆಂಡ್, ಹತ್ತು ಸ್ಟಾಪಿನದಕ್ಕೆ ಸುಮಾರು 68 ಸೆಕೆಂಡ್. ಹತ್ತು ಸ್ಟಾಪಿನ ಫಿಲ್ಟರ್ ಹಾಕಿದ ಮೇಲೆ ಆಟೋಫೋಕಸ್ ತಡವರಿಸುತ್ತದೆ. ಆದ್ದರಿಂದ ಮೊದಲು ಫೋಕಸ್ ಮಾಡಿ, ಮ್ಯಾನುವಲ್‌ಗೆ ತಿರುಗಿಸಿ, ಕೊನೆಗೆ ಫಿಲ್ಟರ್ ಹಾಕಿ. ಡಿಎಸ್‌ಎಲ್‌ಆರ್ ಆದರೆ ಕಣ್ಣಿಟ್ಟು ನೋಡುವ ವ್ಯೂಫೈಂಡರನ್ನೂ ಮುಚ್ಚಿ. ಇಲ್ಲದಿದ್ದರೆ ಹಿಂದಿನಿಂದ ಬೆಳಕು ನುಸುಳುತ್ತದೆ.

ಎಲ್ಲರ ಕೈಗೂ ಹತ್ತು ಸ್ಟಾಪಿನ ಫಿಲ್ಟರ್ ಕೊಡುವ ಅವರ ಉತ್ಸಾಹವನ್ನು ಒಪ್ಪಲಾಗದು. ಒಂದು ನಿಮಿಷದ ಎಕ್ಸ್‌ಪೋಷರ್‌ನಲ್ಲಿ ಯಾವ ಕಡಲಾದರೂ ಒಂದೇ ತರಹದ ಮಂಜು. ಬೇಕಲದ ಅಲೆಗಳು ಬೇಕಲದವಾಗಿಯೇ ಕಾಣಬೇಕಾದರೆ ಸೂರ್ಯ ಮುಳುಗಿದ ಮೇಲೆ ಫಿಲ್ಟರ್ ಇಲ್ಲದೆ, ಎಫ್/11, ಐಎಸ್‌ಒ 100ರಲ್ಲಿ ತಾನಾಗಿ ಸಿಗುವ ಅರ್ಧ ಸೆಕೆಂಡೇ ಸಾಕು.

ದೊಡ್ಡ ಕೊರತೆ ಎರಡು. ಮೊದಲನೆಯದು ಗುಂಪಿನ ಗಾತ್ರ. ಇಪ್ಪತ್ತು ಜನರಿಗೆ ಇಬ್ಬರೇ ಶಿಕ್ಷಕರು. ಇರುವ ಇಪ್ಪತ್ತು ನಿಮಿಷದ ಬೆಳಕನ್ನು ಹತ್ತು ಹತ್ತು ಜನರಿಗೆ ಹಂಚಿದರೆ ಒಬ್ಬೊಬ್ಬರಿಗೆ ಎರಡು ನಿಮಿಷ. ಸಾಲು ಬಿಟ್ಟು ಒಬ್ಬರು ನೀರಿನ ಕಡೆ ಮುಂದೆ ಹೋದರೆ ಉಳಿದವರ ಚಿತ್ರದಲ್ಲೆಲ್ಲ ಅವರ ಬೆನ್ನು, ಹೊಯಿಗೆಯ ತುಂಬ ಹೆಜ್ಜೆಗುರುತು. ಒಬ್ಬ ಶಿಕ್ಷಕರಿಗೆ ಆರು ಜನ ಮೀರಬಾರದು.

ಎರಡನೆಯದು ದಿನಾಂಕ. ಅದನ್ನು ಆಯೋಜಕರು ಗೊತ್ತುಮಾಡುವುದು ರಜೆ ನೋಡಿ; ಉಬ್ಬರ ಇಳಿತದ ಪಟ್ಟಿ ನೋಡಿ ಮಾಡಬೇಕಿತ್ತು. ಇಳಿತದ ಹೊತ್ತಿಗೆ ಅಗಲವಾದ ಒದ್ದೆ ಹೊಯಿಗೆ ಸಿಕ್ಕಿ, ಅದರಲ್ಲಿ ಆಕಾಶದ ಬಣ್ಣ ಪೂರ್ತಿ ಪ್ರತಿಬಿಂಬಿಸುತ್ತದೆ. ಉಬ್ಬರದಲ್ಲಿ ನಿಲ್ಲಲು ಜಾಗವೇ ಕಮ್ಮಿ. ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಂದರೆ ಈ ಶನಿವಾರ ಸಂಜೆ ಉಬ್ಬರವಿದ್ದರೆ ಮುಂದಿನ ಶನಿವಾರ ಅದೇ ಹೊತ್ತಿಗೆ ಹೆಚ್ಚುಕಡಿಮೆ ಇಳಿತ. ಒಂದೇ ವಾರ ಆಚೀಚೆ ಮಾಡಿದ್ದರೆ ಇಡೀ ಶಿಬಿರದ ಚಿತ್ರಗಳೇ ಬೇರೆಯಾಗುತ್ತಿದ್ದವು. ದುಡ್ಡು ಕಟ್ಟುವ ಮೊದಲು ಪಟ್ಟಿಯನ್ನು ನೀವೇ ನೋಡಿಕೊಳ್ಳಿ.

ಭಾನುವಾರ ಬೆಳಿಗ್ಗೆ ಮೀನು ಇಳಿಸುವ ಜಾಗಕ್ಕೆ ಕರೆದೊಯ್ಯುತ್ತಾರೆ. ಪಶ್ಚಿಮ ಕರಾವಳಿಯಲ್ಲಿ ಸೂರ್ಯ ಮೂಡುವುದು ಬೆನ್ನ ಹಿಂದೆ, ತೆಂಗಿನ ತೋಟದ ಮೇಲೆ. ಬೆಳಗಿನ ಬೆಳಕು ದೋಣಿಗಳ ಮೇಲೆ, ಜನರ ಮುಖದ ಮೇಲೆ ನೇರ ಬೀಳುವುದರಿಂದ ಈ ಆಯ್ಕೆ ಸರಿಯಾಗಿದೆ. ಬೂತಾಯಿ ಮೀನಿನ ರಾಶಿಯ ಬೆಳ್ಳಿ ಹೊಳಪು ಸುಟ್ಟುಹೋಗದಂತೆ ಒಂದು ಸ್ಟಾಪಿನ ಮೂರನೇ ಎರಡರಷ್ಟು ಇಳಿಸಿ. ಬಲೆ ಕೊಡವುವುದನ್ನು ಹಿಡಿಯಲು 1/500 ಸೆಕೆಂಡಿನ ಶಟರ್ ಬೇಕು. ನಾಲ್ಕು ನಾಲ್ಕು ಜನರಾಗಿ ಹೋಗುವುದು, ಹಗ್ಗ, ಬಲೆ ದಾಟದಿರುವುದು, ಬುಟ್ಟಿ ಹೊತ್ತವರ ದಾರಿಗೆ ಅಡ್ಡ ನಿಲ್ಲದಿರುವುದು, ಇದೆಲ್ಲವನ್ನೂ ಮುಂಚೆಯೇ ಹೇಳಿಕೊಡುತ್ತಾರೆ. ದೂರದಿಂದ ಝೂಮ್ ಹಾಕಿ ಕದ್ದು ತೆಗೆಯಲು ಬಿಡುವುದಿಲ್ಲ. 35 ಅಥವಾ 50 ಎಂಎಂ ಹಾಕಿ, ಹತ್ತಿರ ಹೋಗಿ ಕೇಳಿಯೇ ತೆಗೆಯಬೇಕು. ತುಳುವಿನವರಲ್ಲಿ "ಫೋಟೋ ದೆಪ್ಪೊಲಿಯಾ", ಮಲಯಾಳದವರಲ್ಲಿ "ಫೋಟೋ ಎಡುತ್ತೋಟ್ಟೆ" ಎಂದರೆ ಸಾಕು, ಮುಖ ಅರಳುತ್ತದೆ. ಈ ಶಿಬಿರವನ್ನು ಶಿಫಾರಸು ಮಾಡಲು ಇದೊಂದೇ ಸಾಕಷ್ಟು ಕಾರಣ.

ಆಮೇಲಿನ ಎಡಿಟಿಂಗ್ ತರಗತಿ ಸಾಧಾರಣ. ಪಾಠ ಕನ್ನಡ, ಮಲಯಾಳ ಎರಡರಲ್ಲೂ ನಡೆಯುತ್ತದೆ, ಆದರೆ ಕೈಗೆ ಕೊಡುವ ಟಿಪ್ಪಣಿ ಬರೀ ಇಂಗ್ಲಿಷಿನಲ್ಲಿ. ಕಾಸರಗೋಡಿನಲ್ಲಿ ಹೀಗಾಗಬಾರದು. ಊಟ ಕುಚ್ಚಲಕ್ಕಿ ಅನ್ನ, ಮೀನು ಸಾರು. ಸಸ್ಯಾಹಾರಿಗಳು ಮೊದಲೇ ತಿಳಿಸಬೇಕು. ಬೇಕಲ್ ಫೋರ್ಟ್ ನಿಲ್ದಾಣದಲ್ಲಿ ಕೆಲವೇ ರೈಲು ನಿಲ್ಲುವುದರಿಂದ ಕಾಞಂಗಾಡಿನಲ್ಲೋ ಕಾಸರಗೋಡಿನಲ್ಲೋ ಇಳಿದು ಬಸ್ ಹಿಡಿಯುವುದು ಸುಲಭ.

ಶಿಬಿರದಲ್ಲಿ ಹೇಳದ, ಆದರೆ ಹೇಳಲೇಬೇಕಾಗಿದ್ದ ವಿಷಯ ಉಪ್ಪು. ಲೆನ್ಸಿನ ಮೇಲೆ ಕೂತ ಕಡಲ ಹನಿಯನ್ನು ಒಣ ಬಟ್ಟೆಯಿಂದ ಉಜ್ಜಿದರೆ ಉಪ್ಪಿನ ಹರಳು, ಹೊಯಿಗೆ ಸೇರಿ ಕೋಟಿಂಗ್ ಗೀರುತ್ತವೆ. ಮೊದಲು ಬ್ಲೋವರಿನಿಂದ ಊದಿ, ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಮೆಲ್ಲಗೆ ಒತ್ತಿ ತೆಗೆದು, ಕೊನೆಗೆ ಮೈಕ್ರೋಫೈಬರ್ ಬಳಸಿ. ಎಸಿ ಕೋಣೆಯಿಂದ ಹೊರಟಾಗ ಅರ್ಧ ಗಂಟೆ ಬ್ಯಾಗಿನ ಜಿಪ್ ತೆರೆಯಬೇಡಿ, ಲೆನ್ಸ್ ಬೆವರುತ್ತದೆ. ಟ್ರೈಪಾಡಿನ ಕೆಳಗಿನ ಕಾಲನ್ನು ಅದೇ ರಾತ್ರಿ ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ. ಬೆಳಿಗ್ಗೆಯವರೆಗೆ ಬಿಟ್ಟರೆ ಲಾಕಿನೊಳಗೆ ಹೊಯಿಗೆ ಗಟ್ಟಿಯಾಗಿ ಕೂತು ತಿರುಗಿಸುವಾಗಲೆಲ್ಲ ಕರಕರ ಎನ್ನುತ್ತದೆ.