ಚಲನಚಿತ್ರ, ಟಿವಿ ನಿರ್ಮಾಣ: ಕಾಲೇಜಿನ ಕಲಿಕೆಯೋ, ಸೆಟ್ಟಿನ ಕಲಿಕೆಯೋ?

ಕಾಲೇಜಿನಲ್ಲಿ ಚಿತ್ರಕಥೆ, ಛಾಯಾಗ್ರಹಣ, ಧ್ವನಿ, ಸಂಕಲನ ಎಲ್ಲವನ್ನೂ ಒಬ್ಬರೇ ಕೈಯಾರೆ ಮಾಡಿನೋಡಬಹುದು. ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮುಗಳೇಕೆ, ಮಾತಾಡುವ ಇಬ್ಬರ ನಡುವಿನ ಕಾಲ್ಪನಿಕ ರೇಖೆಯನ್ನು ಕ್ಯಾಮೆರಾ ದಾಟಿದರೆ ನೋಡುಗರಿಗೆ ದಿಕ್ಕು ತಪ್ಪುವುದೇಕೆ ಎಂಬುದನ್ನು ತಪ್ಪು ಮಾಡಿಯೇ ಕಲಿಯುವಷ್ಟು ಬಿಡುವು ಅಲ್ಲಿರುತ್ತದೆ. ಸೆಟ್ಟಿನಲ್ಲಿ ಆ ಬಿಡುವಿಲ್ಲ. ಸಹಾಯಕರಾಗಿ ಸೇರಿದವರು ಮೊದಮೊದಲು ಶಾಟಿನ ಸಂಖ್ಯೆ ಬರೆದ ಕ್ಲ್ಯಾಪ್ ಹಲಗೆ ಹಿಡಿಯುವುದು, ಕೇಬಲ್ ಸುತ್ತುವುದು, ನಟನ ಅಂಗಿಯ ಯಾವ ಗುಂಡಿ ಬಿಚ್ಚಿತ್ತೆಂದು ಕಂಟಿನ್ಯೂಟಿಗಾಗಿ, ಅಂದರೆ ಒಂದು ಶಾಟಿಗೂ ಮುಂದಿನದಕ್ಕೂ ಎಲ್ಲ ಹೊಂದಿಕೆಯಾಗುವಂತೆ, ಬರೆದಿಡುವುದು ಇಷ್ಟನ್ನೇ ಮಾಡಿದರೂ, ಬೆಳಕು ಆರುವ ಮುನ್ನ ಶಾಟ್ ಮುಗಿಸಲು ಇಡೀ ತಂಡ ಹೇಗೆ ದುಡಿಯುತ್ತದೆಂಬುದನ್ನು ಕಣ್ಣಾರೆ ಕಾಣುತ್ತಾರೆ. ಸಂಕಲನ, ಧ್ವನಿ ವಿಭಾಗಗಳನ್ನು ಬಯಸುವವರಿಗೆ ಕಾಲೇಜೇ ಮೇಲೆಂಬುದು ನನ್ನ ದೃಢ ಅಭಿಪ್ರಾಯ. ನಿರ್ಮಾಣ ನಿರ್ವಹಣೆಗಾದರೆ ಸೆಟ್ಟು. ಕಾಲೇಜನ್ನೇ ಆರಿಸುವುದಾದರೆ, ಶುಲ್ಕ ವಿಚಾರಿಸುವ ಮೊದಲು ಒಂದು ಕ್ಯಾಮೆರಾವನ್ನು ಎಷ್ಟು ವಿದ್ಯಾರ್ಥಿಗಳು ಹಂಚಿಕೊಳ್ಳಬೇಕೆಂದು ಕೇಳಿ.